ಕಡೀ ಡಬ್ಬಿಯ ಗುರುತು

ಸಾಳ್ವಾಡೊ ಹಾಲ್ಟಿನ್ಯಾಗ ಈಗ ಗಾಡಿ ನಿಲ್ಲೂದಿಲ್ಲ.
ಸಣ್ಣ ಹಳಿ ಕಿತ್ತು ಒಯ್ದು ಇಪ್ಪತ್ತೇಳು ವರ್ಷ,
ದೊಡ್ಡ ಹಳಿ ಗುಡ್ಡದ ಆಚೆ ಹಾಯ್ದು ಹೋತು.
ಉಳಿದದ್ದು ಜಂಬಿಟ್ಟಿಗೆಯ ಈ ಕಟ್ಟಡ, ನೀರಿನ ಟಾಕಿ,
ಮತ್ತ ಪಾಯಿಂಟ್ಸ್‌ಮನ್ ಹುಲಿಗೆಪ್ಪ,
ಅಂದ್ರ ನಾನು.

ಟಿಕೇಟಿನ ಕಿಡಕಿಯೊಳಗ ಈಗ ಹೆಲ್ಮೆಟ್ಟು ಕೊಡ್ತಾರ,
ಚಿಲ್ಲರ ಕೇಳೂದಿಲ್ಲ, ತಲಿ ಅಳತಿ ಕೇಳ್ತಾರ.
ಪಾರ್ಸೆಲ್ ಖೋಲ್ಯಾಗ ಬಣ್ಣದ ದೋಣಿ ಬೋರಲ ಮಲಗ್ಯಾವ.
ಫಸ್ಟ್ ಕ್ಲಾಸ್ ಹೆಂಗಸರ ವೇಟಿಂಗ್ ರೂಮಿನ್ಯಾಗ
ಹುಡುಗರ ಒದ್ದಿ ಚಡ್ಡಿ ಒಣಗ್ತಾವ.
ನನ್ನ ಹಸಿರು ಬಾವುಟ ಅಡಗಿಮನಿಯಾಗ
ಝೆಲ್ಮಾಬಾಯಿ ಬಿಸಿ ಪಾತೇಲಿ ಹಿಡಿಯೂ ಮಸಿಬಟ್ಟಿ.
ಕೆಂಪನ್ನದು ಕೊಟ್ಟಿಲ್ಲ. ಟ್ರಂಕಿನ್ಯಾಗ ಐತಿ.

ಮುಂಜಾನೆ ಹಗ್ಗ ನಾನ ನೋಡ್ತೀನಿ.
ಗಂಟು ಜಗ್ಗಿ, ಕೊಂಡಿ ಕಿವಿಗೆ ಹಿಡದು,
ಟಕ್ ಅಂದ ಮ್ಯಾಲ ಇನ್ನೊಮ್ಮೆ ಜಗ್ಗಿ.
ಟ್ರೇನರ್ ಫ್ಲಾವಿಯೊ ನಗತಾನ: ಮಾಮಾ, ಒಂದ್ಸಲ ಸಾಕು.
ಎಂಬತ್ತೇಳರ ಮಳಿಗಾಲದಾಗ
ನನ್ನ ಜೋಡೀದಾರ ದುಲಬಾ ಗಾಂವಕರಗೂ
ಒಂದ್ಸಲ ಸಾಕಾಗಿತ್ತು.

ನಿನ್ನೆ ಬೈನಾದಿಂದ ಬಸ್ಸು ಬಂತು.
ಗೌಂಡಿಗಳ ಮಕ್ಕಳು, ಕೊಂಕಣಿಯೊಳಗ ಜಗಳಾಡಿ
ಕನ್ನಡದಾಗ ಅಳೂವಂಥವು.
ಅದರಾಗ ಯಮನೂರ, ಹನ್ನೊಂದು ವರ್ಷದಂವ,
ಟಾಕಿಯ ನಿಚ್ಚಣಿಕಿ ಅರ್ಧಕ್ಕ ಏರಿ ನಿಂತುಬಿಟ್ಟ.
ಮ್ಯಾಲ ಒಲ್ಲ, ಕೆಳಗ ಒಲ್ಲ.
ಫ್ಲಾವಿಯೊ ಇಂಗ್ಲೀಷಿನ್ಯಾಗ ಧೈರ್ಯ ಹೇಳಿದ,
ಧೈರ್ಯ ಅಷ್ಟು ಎತ್ತರಕ್ಕ ಹೋಗಲಿಲ್ಲ.

ಏ ತಮ್ಮಾ, ಲೈನ್ ಕ್ಲಿಯರ್ ಐತಿ, ನಡಿ! ಅಂತ ಕೂಗಿದೆ.
ಹಂಗಂದ್ರ ಏನ್ರೀ?
ಮುಂದಿನ ಟೇಶನ್ನಿನಂವ ಎಚ್ಚರ ಅದಾನ ಅಂತ.
ಮುಂದಿನ ಟೇಶನ್ನು ಯಾವುದೋ, ನನಗೂ ಗೊತ್ತಿರಲಿಲ್ಲ.
ಅಂವ ಮಾತ್ರ ನಂಬಿ
ಬರಿಗಾಲು ಎತ್ತಿ ಮ್ಯಾಲಿನ ಸರಳಿಗಿಟ್ಟ.

ತುದಿ ಮುಟ್ಟೂದಕ್ಕ
ಗುಡ್ಡದ ಆಚೆ ಹುಬ್ಬಳ್ಳಿ ಕಡೆ ಹೋಗೂ ಗಾಡಿ ಕೂಗಿತು.
ನನ್ನ ಬಲಗೈ ತಾನ ಬಗಲಿಗೆ ಹೋತು, ಬಾವುಟ ಹುಡುಕಲಿಕ್ಕ.
ಮಾಮಾ, ನಮ್ಮೂರ ಗಾಡಿ!
ಡಬ್ಬಿ ಎಣಿಸು, ಅಂದೆ.
ಹದಿನೇಳು, ಅಂದ. ನನ್ನ ಕಿವಿ ಹದಿನೆಂಟು ಅಂತು.
ಕಡೀ ಡಬ್ಬಿಯ ಬೆನ್ನ ಮ್ಯಾಲ ಏನೈತಿ ನೋಡು.

ಗಪ್ಪಾದ. ಗಾಳಿ ಬಂತು. ಹಗ್ಗ ಒಮ್ಮೆ ನಡುಗಿತು.

ಗುಣಾಕಾರದ ಗುರುತು. ಹಳದಿ.

ಹಂಗಾರ ಗಾಡಿ ಪೂರ್ತಿ ದಾಟೈತಿ,
ಹಿಂದ ಏನೂ ಕಳಚಿ ಉಳದಿಲ್ಲ.
ಈಗ ಇಳಿ. ಮೆಲ್ಲಕ.
ಎರಡು ಸಲ ನೋಡಿ ಕಾಲಿಡು.