ಏಳನೆಯ ತುಕ್ಕು

ವಿಯೆನೋ ಅಜ್ಜಿ ಬಂದೂಕು ತಂದದ್ದು
ಕಾಲಲ್ಲಿ ತಳ್ಳುವ ಜಾರುಬಂಡಿಯ ಮೇಲೆ,
ಹಳೆಯ ಕಿಟಕಿ ಪರದೆಯಲ್ಲಿ ಸುತ್ತಿ,
ಜ್ವರದ ಮಗುವನ್ನು ಆಸ್ಪತ್ರೆಗೆ ತಂದ ಹಾಗೆ.
ನವೆಂಬರ್ ಕೊನೆ. ಕುಹ್ಮೋದಲ್ಲಿ ಮಧ್ಯಾಹ್ನ ಮೂರಕ್ಕೇ
ದೀಪ ಹಚ್ಚಿಕೊಂಡು ಕೂರುವ ದಿನಗಳು.
"ಕಪ್ಪು ಮಾಡಿಕೊಡು, ಹಿಲ್ಪಾ.
ಹೊಸದರ ಕಪ್ಪಲ್ಲ. ಅದರದೇ ಕಪ್ಪು."

ಕುದುರೆ ಬಿಚ್ಚಿ ಬಟ್ಟೆಯ ಮೇಲೆ ಮಲಗಿಸಿದೆ.
ಬೋಲ್ಟು ಎಳೆದೆ; ಮೊದಲು ಹಟ, ಆಮೇಲೆ ಬಂತು.
ಮರದಿಂದ ನಳಿಗೆ ಎತ್ತಿದರೆ ಅಡಿಯಲ್ಲಿ
ಎಣ್ಣೆ ಗೋಂದಾಗಿ, ಗೋಂದು ಮಣ್ಣಾಗಿ,
ಅದರಲ್ಲಿ ಸಿಕ್ಕಿಬಿದ್ದ ಒಂದೇ ಒಂದು ಪೈನ್ ಎಲೆ,
ಯಾವ ಚಳಿಗಾಲದ್ದೋ.
ಬುಡದಲ್ಲಿ ಎರಡು ಮುದ್ರೆ:
ಅರ್ಧ ಕೆರೆದುಹೋದ ಆಚೆಯವರ ಹದ್ದು,
ಪಕ್ಕದಲ್ಲಿ ಚೌಕದೊಳಗೆ ನಮ್ಮ ಸೈನ್ಯದ ಎರಡಕ್ಷರ.
ಕಬ್ಬಿಣಕ್ಕೆ ದೇಶ ಬದಲಿಸುವುದು
ಸುತ್ತಿಗೆಯ ಒಂದೇ ಏಟಿನ ಕೆಲಸ.

ಉದ್ದಕ್ಕೆ ಉಜ್ಜಬೇಕು, ಅಡ್ಡಕ್ಕಲ್ಲ.
ಉಜ್ಜುತ್ತಾ ಉಜ್ಜುತ್ತಾ, ಹದ್ದಿನಿಂದ ಎರಡು ಬೆರಳು ಆಚೆ,
ಕೊಳೆ ಎಂದುಕೊಂಡದ್ದು ಕೊಳೆಯಲ್ಲ.
ಭೂತಗನ್ನಡಿ ಹಿಡಿದೆ:
ಹೆಬ್ಬೆರಳು.
ಉಪ್ಪು ಬೆವರು ಉಕ್ಕನ್ನು ತಿಂದು
ಸುಳಿ ಸುಳಿಯಾಗಿ ಕೂತುಬಿಟ್ಟ ಗುರುತು.
ಹತ್ತು ಸಲ ಉಜ್ಜಿದ್ದರೆ ಹೋಗುತ್ತಿತ್ತು.
ಉಜ್ಜಲಿಲ್ಲ. ಕರುಣೆಯೇನಲ್ಲ;
ಅಲ್ಲಿ ಸವೆದರೆ ಮುದ್ರೆಯ ಅಂಚು ಮಸುಕಾಗುತ್ತದೆ,
ಹಾಗಂತ ನನಗೆ ನಾನೇ ಹೇಳಿಕೊಂಡೆ.

ಅಪ್ಪ ಹೇಳುತ್ತಿದ್ದ: ತುಕ್ಕನ್ನು ಬೈಯಬೇಡ,
ಕರೆದು ಕೂರಿಸು, ಬಿಸಿನೀರು ಕೊಡು.
ನಳಿಗೆಯ ಎರಡು ಬಾಯಿಗೂ ಬರ್ಚಿನ ಬಿರಡೆ ಜಡಿದು,
ಹುಳಿಮದ್ದು ಸವರಿ,
ಶನಿವಾರ ಎಲ್ಲರೂ ಮಿಂದೆದ್ದ ಮೇಲೆ
ಸೌನಾದ ಕಲ್ಲು ಇನ್ನೂ ಉಸಿರಾಡುತ್ತಿರುವಾಗ
ಮನುಷ್ಯರು ಕೂರುವ ಮೇಲಿನ ಹಲಗೆಯ ಹತ್ತಿರ
ತೂಗುಹಾಕಬೇಕು, ಬರಿಗೈ ತಾಗಿಸದೆ.
ಬೆಳಗ್ಗೆ ನೋಡಿದರೆ ಮೈತುಂಬ ಕೆಂಪು,
ಅಳಿಲಿನ ಬಾಲದಷ್ಟು ಮೆತ್ತಗೆ.

ಆಮೇಲೆ ಉದ್ದನೆಯ ತೊಟ್ಟಿ, ಕರಗಿಸಿದ ಹಿಮದ ನೀರು
(ನಲ್ಲಿ ನೀರು ಕಲೆ ಬಿಡುತ್ತದೆ),
ಕುದಿ, ಕುದಿ, ಅರ್ಧ ಗಂಟೆ ಕುದಿ.
ಕೆಂಪಗೆ ಇಳಿದದ್ದು ಕಪ್ಪಗೆ ಏಳುತ್ತದೆ.
ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ,
ಇವತ್ತಿಗೂ ಒಲೆ ಬಿಟ್ಟು ಆಚೆ ಹೋಗಲಾರೆ.
ಉಕ್ಕಿನ ನಾರಿನಿಂದ ತಿಕ್ಕಿ, ಪುಡಿ ಕೊಡವಿ,
ಮತ್ತೆ ಮದ್ದು, ಮತ್ತೆ ಉಗಿ.

ಮೊದಲ ಸಲ ಬೂದು, ಒಲೆಬಾಯಿಯ ಬೂದಿಯಂತೆ.
ಎರಡನೆಯದು ಮಚ್ಚೆ ಮಚ್ಚೆ.
ಮೂರು, ನಾಲ್ಕು: ಹೇಳುವುದಕ್ಕೇನಿಲ್ಲ.
ಐದಕ್ಕೆ ನನ್ನ ಮಣಿಕಟ್ಟು ತಾಗಿ
ಎಣ್ಣೆಯ ಕಲೆ ನಾಣ್ಯದಗಲ ಬೆಳ್ಳಗೆ ಉಳಿಯಿತು;
ಸೋಡಾ ಹಾಕಿ ತೊಳೆದು, ಬೈದುಕೊಂಡು, ಮತ್ತೆ ಹಿಂದಕ್ಕೆ.
ಆರಕ್ಕೆ ಕಾಗೆಯ ರೆಕ್ಕೆ ಬಿಸಿಲಿಗೆ ತಿರುಗಿದ ನೀಲಿ.
ಏಳಕ್ಕೆ ಆ ನೀಲಿಯೂ ಒಳಗೆ ಹೋಯಿತು.
ಒಂದು ಹೆಬ್ಬೆರಳಗಲ ಮಾತ್ರ ಇನ್ನೂ ಆಳದ ಕಪ್ಪು,
ಪ್ರತಿ ಸಲವೂ ಅಲ್ಲಿಗೆ ತುಕ್ಕು ಮೊದಲು ಬರುತ್ತಿತ್ತು,
ದಾರಿ ಗೊತ್ತಿದ್ದ ನೆಂಟನ ಹಾಗೆ.

ಡಿಸೆಂಬರಿನಲ್ಲಿ ವಿಯೆನೋ ಬಂದಳು.
ಗುರುತು ತೋರಿಸಿದೆ. ಕನ್ನಡಕ ಒರೆಸಿಕೊಂಡು
ಬಹಳ ಹೊತ್ತು ನೋಡಿದಳು.
"ತಾವೆಟ್ಟಿಯದಲ್ಲ ಇದು.
ಅವನ ಹೆಬ್ಬೆರಳನ್ನು ಗರಗಸ ಸೀಳಿತ್ತು,
ಮದುವೆಗೆ ಮುಂಚೆಯೇ."
"ಹಾಗಾದರೆ ಯಾರದು?"
ಅವಳು ಹದ್ದನ್ನು ನೋಡಿದಳು, ಚೌಕವನ್ನು ನೋಡಿದಳು.
"ಯಾರದೋ. ಕೈ ಬೆವರಿತ್ತು, ಪಾಪ."
ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟಳು.
ದೊಡ್ಡದಾಯಿತು. ಹಾಲು ಹಿಂಡಿದ ಕೈ.
ಅಷ್ಟು ಚಿಕ್ಕ ಬೆರಳು ಎಷ್ಟು ವಯಸ್ಸಿನದೆಂದು
ಇಬ್ಬರೂ ಕೇಳಲಿಲ್ಲ.

"ಬೋಲ್ಟು ಚಳಿಗೆ ಇನ್ನೂ ಕಚ್ಚುತ್ತದಾ?"
"ಇಲ್ಲ."
"ಕಚ್ಚುತ್ತಿತ್ತು," ಅಂದಳು, ದೂರಿನಂತೆ ಅಲ್ಲ,
ಮತ್ತೆ ಮೇಜಿನ ಮೇಲೆ ದುಡ್ಡಿಟ್ಟಳು,
ಒಂದು ಬಾಟಲಿ ಕೆಂಪು ಹಣ್ಣಿನ ಜಾಮು ಇಟ್ಟಳು.

ಮುಟ್ಟಿದ ಜಾಗವನ್ನು ಎಣ್ಣೆಬಟ್ಟೆಯಿಂದ ಒರೆಸಿಕೊಡುವುದು
ಈ ಕಸುಬಿನ ರೂಢಿ.
ಬಟ್ಟೆ ಕೈಯಲ್ಲೇ ಇತ್ತು.
ಅಷ್ಟರಲ್ಲಿ ಪರದೆ ಸುತ್ತಿಯಾಗಿತ್ತು.
ಜಾರುಬಂಡಿಯ ಕಬ್ಬಿಣದ ಪಟ್ಟಿ ಮಂಜುಗಡ್ಡೆಯ ಮೇಲೆ
ಕಿರ್ ಎಂದು ರಸ್ತೆಯ ತಿರುವಿನವರೆಗೂ ಕೇಳಿಸಿತು.