ಬಿ ಖರಾಬು

ವಾರದ ಆರು ದಿನ ನಾನು ಕಿಂಡಿಯ ಈಚೆ ಕೂತು
ಪಹಣಿ ತೆಗೆದುಕೊಡುವವಳು.
ಚನ್ನರಾಯಪಟ್ಟಣ, ತಾಲ್ಲೂಕು ಕಚೇರಿ, ಎರಡನೇ ಕೌಂಟರು.
ಕಿಂಡಿಯಾಚೆಯ ಕೈಗಳು ಕೇಳುವುದು ಒಂದೇ:
ಯಾರ ಹೆಸರಲ್ಲಿದೆ, ಎಷ್ಟು ಗುಂಟೆ.

ಭಾನುವಾರ ಸೈಕಲ್ಲು ಹತ್ತಿ
ಯಾರ ಹೆಸರಲ್ಲೂ ಇಲ್ಲದ್ದರ ಮೇಲೆ ಹೋಗುತ್ತೇನೆ.
ಬಂಡಿದಾರಿ, ಹಳ್ಳದ ದಡ, ಕೆರೆ ಏರಿ,
ನಾಲೆಯ ಪಕ್ಕದ ಜಲ್ಲಿಹಾದಿ.
ನಮ್ಮ ದಫ್ತರದಲ್ಲಿ ಇವಕ್ಕೆ ಬಿ ಖರಾಬು ಅನ್ನುತ್ತೇವೆ.
ಕಂದಾಯ ಹುಟ್ಟದ್ದು. ಬಿತ್ತಬಾರದ್ದು. ಮಾರಬಾರದ್ದು.

ಜೊತೆಗೆ ಖಲಂದರ್, ಟೈರಿನಂಗಡಿಯವನು.
ಮೂರು ಸೈಕಲ್ಲುಗಳ ಮೂಳೆ ಕೂಡಿಸಿ ಒಂದು ಕಟ್ಟಿಕೊಂಡಿದ್ದಾನೆ.
ಬ್ರೇಕು ಹಿಡಿದರೆ ನವಿಲಿನ ಹಾಗೆ ಕೂಗುತ್ತದೆ;
ಒಮ್ಮೆ ನೀಲಗಿರಿ ತೋಪಿನೊಳಗಿಂದ
ಮರುಕೂಗೂ ಬಂದಿತ್ತು.

ಮುಕ್ಕಾಲಿಂಚಿನ ಜಲ್ಲಿ ಹಲ್ಲಿಗೆ ಹತ್ತುತ್ತದೆ,
ಆಡಿದ ಮಾತು ಅಲುಗಿ ಅಲುಗಿ ಬರುತ್ತದೆ:
ನಾ-ಆ-ಲೆ, ನೀ-ಈ-ರು.
ಹೇಮಾವತಿ ಇಲ್ಲಿ ಹೊಳೆಯಲ್ಲ, ಇಲಾಖೆ.
ಕಾಂಕ್ರೀಟಿನ ಅಂಚಿನಲ್ಲಿ ಅಡಿಗುರುತು ಬರೆಸಿಕೊಂಡು
ಹಾಜರಿ ಹಾಕಿ ಮುಂದೆ ಹೋಗುತ್ತದೆ.

ದಾರಿಯಲ್ಲಿ ಮೂರು ಕಟ್ಟೆ.
ಒಂದರ ತುಂಬ ಎಮ್ಮೆ, ಒಂದರ ತುಂಬ ತಾವರೆ,
ಮೂರನೆಯದು ನಕಾಶೆಯಲ್ಲಿ ಮಾತ್ರ ತುಂಬಿದೆ.

ಬಾಗೂರಿನಾಚೆ ನಾಲೆ ಇದ್ದಕ್ಕಿದ್ದಂತೆ
ತಲೆ ತಗ್ಗಿಸಿ ನೆಲದೊಳಗೆ ನುಗ್ಗಿತು.
ಖಲಂದರ್ ಒಂದು ಎಳನೀರು ಬುರುಡೆ ಎಸೆದ:
‘ನವಿಲೆ ಬಾಯಲ್ಲಿ ಯಾರು ಮೊದಲು ನೋಡೋಣ.’
ಸುರಂಗ ಅದನ್ನು ನುಂಗಿತು.
ನಾವು ಮೇಲೆ ಹತ್ತಿದೆವು, ಕುರುಚಲು, ಹುರುಳಿ ಹೊಲ, ಕುರುಚಲು,
ನೀರಿನ ನೆತ್ತಿಯ ಮೇಲೆ.

ಅರ್ಧ ದಾರಿಗೆ ಜಾಲಿಮುಳ್ಳು.
ಹಿಂದಿನ ಗಾಲಿ ಉಸ್ಸೆಂದು ಕೂತಿತು.
‘ನೀರು ಬೇಕು ಮೇಡಂ, ಒಂದು ಬೋಗುಣಿ.’
ಎರಡು ಬಾಟಲಿಯೂ ಖಾಲಿ.
ಕಾಲಡಿಯ ಕತ್ತಲಲ್ಲಿ ಒಂದು ಹೊಳೆಗೆ ಹೊಳೆಯೇ ಹೋಗುತ್ತಿದೆ,
ತೂತು ಹುಡುಕಲು ಬೊಗಸೆ ನೀರಿಲ್ಲ.
ಟ್ಯೂಬನ್ನು ತುಟಿಗೆ ಹಿಡಿದ, ರೆಪ್ಪೆಗೆ ಹಿಡಿದ,
ಬಯಲ ಗಾಳಿಯಲ್ಲಿ ಆ ಸಣ್ಣ ಗಾಳಿ ಸಿಗಲಿಲ್ಲ.

ಆಡುಗಳ ಹಿಂದೆ ಬಂದವಳ ಹೆಸರು ಚಿಕ್ಕೀರಮ್ಮ.
ಬುತ್ತಿ ಡಬ್ಬಿಯ ಮುಚ್ಚಳಕ್ಕೆ ತನ್ನ ಬಾಟಲಿ ಬಗ್ಗಿಸಿದಳು:
‘ಚೆಲ್ಬ್ಯಾಡಿ. ಆಮ್ಯಾಕೆ ಮರಿ ಕುಡೀತದೆ.’
ಟ್ಯೂಬು ಅದರಲ್ಲಿ ಅಂಗುಲ ಅಂಗುಲವಾಗಿ ತಿರುಗಿತು.
ಸಾಸಿವೆಯಷ್ಟು ಒಂದು ಗುಳ್ಳೆ.
ಇನ್ನೊಂದು.

ಸೊಲ್ಯೂಷನ್ ಒಣಗುವ ತನಕ ಅವಳು ಮಾತಾಡಿದಳು.
‘ಇದರ ಕೆಳೀಕೆ ನಾನು ಕಲ್ಲು ಹೊತ್ತಿದೀನಿ ಕಣವ್ವ.
ಒಳಗೆ ಹಗಲೂ ಲೈಟು. ಊಟಾನೂ ಅಲ್ಲೇ.
ಒಂದಿನ ಗೋಡೆ ಆ ಕಡೆಯಿಂದ
ಅವರು ಅಗೀತಿರೋ ಸದ್ದು ಕೇಳಿಸ್ತು, ನವಿಲೆ ಕಡೆಯೋರು.
ಎಲ್ರೂ ಪುಟ್ಟಿ ಕೆಳಗಿಟ್ಟು ಸುಮ್ನೆ ನಿಂತ್ಬುಟ್ವಿ.
ಮೇಸ್ತ್ರಿನೂ ಬಯ್ನಿಲ್ಲ.’
‘ಆಮೇಲೆ ನೀರು ಬಿಟ್ಟಾಗ ನೋಡಿದ್ರಾ?’
‘ಅವತ್ತು ಕಾರು ಬಂದಿದ್ವು’ ಅಂದಳು,
ಅಷ್ಟರಲ್ಲಿ ಒಂದು ಆಡು ಹುರುಳಿಗೆ ನುಗ್ಗಿತು, ಎದ್ದು ಓಡಿದಳು.

ತಿರುಗಿ ಬಂದಾಗ, ಅಭ್ಯಾಸ ನೋಡಿ, ಕೇಳಿಯೇಬಿಟ್ಟೆ:
‘ಈ ನೆಲ ಯಾರದು?’
ಅವಳು ಮುಚ್ಚಳವನ್ನು ಮರಿಯ ಮೂತಿಗೆ ಹಿಡಿದಿದ್ದಳು.
‘ಯಾರ್ದೂ ಅಲ್ಲ. ಆಡಿಂದು.’

ನವಿಲೆಗೆ ಬಂದಾಗ ಹೊತ್ತು ಮುಳುಗಿತ್ತು.
ನಾಲೆ ಕತ್ತಲ ಬಾಯಿಂದ ಹೊರಬಂದು
ಏನೂ ಆಗಿಲ್ಲವೆಂಬಂತೆ ಹೋಗುತ್ತಿತ್ತು.
ಅಂಚಿನಲ್ಲಿ ಕೂತು ಬುರುಡೆಗೆ ಕಾದೆವು.
ಒಂದು ಚಪ್ಪಲಿ ಬಂತು. ಜೊಂಡು ಬಂತು.
ಯಾರದೋ ಪೂಜೆಯ ಬಾಳೆಲೆ.
‘ನಮಗಿಂತ ಮುಂಚೆ ದಾಟಿ ಹೋಯಿತು’ ಅಂದೆ.
‘ಇಲ್ಲ, ಇನ್ನೂ ಒಳಗಿದೆ’ ಅಂದ,
ಹಿಂದಿನ ಗಾಲಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತ.

ಕತ್ತಲಾಗಿತ್ತು.
ಇನ್ನೊಂದು ಹತ್ತು ನಿಮಿಷ ಕೂತೆವು.