ಮೂಸಿ ನೋಡಿದ್ದು

ಪೆಡ್ನೇಕರ್ ಸಾಹುಕಾರರು ಕೌಂಟರಿನ ಮೇಲೆ ಬಾಗಿ ಹೇಳಿದರು:
ನೇವಿಯವರು ಓಡಾಡುವ ಊರು ಇದು, ಗುನಗಿ,
ನಾಳೆ ಯಾರಾದರೂ ಬಂದು ಕೇಳಿದರೆ?
ಇನ್ನೂರಾ ನಾಲ್ಕರವ ರಾತ್ರಿಯೆಲ್ಲ ವೈಫೈ ಕುಡಿಯುತ್ತಾನೆ,
ಏನು ಮಾಡುತ್ತಾನೆ, ಸ್ವಲ್ಪ ಮೂಸಿ ನೋಡು.

ಮೂಸುವುದು. ಇಂಗ್ಲಿಷಿನವರೂ ಇದಕ್ಕೆ ಅದನ್ನೇ ಅನ್ನುತ್ತಾರೆ.
ನನಗೆ ನೆನಪಾಗುವುದು ಮಾತ್ರ
ಯಲ್ಲಾಪುರದ ಬಸ್ಸಿನ ಕಂಡಕ್ಟರನ ಮೂಗು.
ಆಯಿಯ ಬುಟ್ಟಿ ಮೆಟ್ಟಿಲು ಹತ್ತುವ ಮೊದಲೇ
'ಒಣಮೀನು! ಮೇಲೆ ಹಾಕು, ಮೇಲೆ' ಎನ್ನುತ್ತಿದ್ದ,
ಹಿಂದಿನ ಸೀಟಿನವರು ಸೆರಗು ಮುಚ್ಚಿಕೊಳ್ಳುತ್ತಿದ್ದರು.

ಹದಿನೈದು ವರ್ಷದ ಕೆಳಗೆ ಗ್ರೀನ್ ಸ್ಟ್ರೀಟಿನ ಸೈಬರಿನಲ್ಲಿ
ಎಂಟು ಕಂಪ್ಯೂಟರು, ಒಂದು ಹಬ್ಬು, ನಾನು.
ಆಗ ತಂತಿಯಲ್ಲಿ ಹೋಗುತ್ತಿದ್ದುದೆಲ್ಲ ಪೋಸ್ಟ್ ಕಾರ್ಡು.
ಓದಬೇಕೆಂದಿರಲಿಲ್ಲ, ಓದಿಸಿಕೊಳ್ಳುತ್ತಿತ್ತು.
ಚಿತ್ತಾಕುಲದ ಹುಡುಗನೊಬ್ಬನ ಪಾಸ್‌ವರ್ಡು
ಅವನ ಮನೆಯ ಸತ್ತ ಎಮ್ಮೆಯ ಹೆಸರು.
ಸತ್ತಿದ್ದು ಹೇಗೆ ಗೊತ್ತೆಂದರೆ, ಅದನ್ನೂ ಅವನೇ ಬರೆದಿದ್ದ,
ಮಸ್ಕತ್ತಿನ ಅಣ್ಣನಿಗೆ.
ಮರುದಿನ ಚಹಾದಂಗಡಿಯಲ್ಲಿ ಅವ ಎದುರು ಕೂತಾಗ
ನನ್ನ ಬನ್ನು ಗಂಟಲಲ್ಲೇ ನಿಂತಿತು.

ಈಗ ಹಾಗಿಲ್ಲ. ಲ್ಯಾಪ್‌ಟಾಪು ತೆರೆದು ಕೂತರೆ
ಸಾಲು ಸಾಲು ಪೊಟ್ಟಣ ಬಂದು ಬೀಳುತ್ತವೆ,
ಒಂದರ ಬಾಯೂ ಬಿಚ್ಚುವುದಿಲ್ಲ.
ದನದ ಸಂತೆಯಲ್ಲಿ ಟವೆಲಿನಡಿ ಬೆರಳು ಹಿಡಿದು
ದಲಾಲರು ದರ ಕಟ್ಟುವುದನ್ನು ನೋಡಿದ್ದೀರಾ?
ಸುತ್ತ ಜನ. ಟವೆಲು ಅಲುಗುವುದು ಎಲ್ಲರಿಗೂ ಕಾಣುತ್ತದೆ.
ಎಮ್ಮೆಗೂ ತನ್ನ ಬೆಲೆ ತಿಳಿಯುವುದಿಲ್ಲ.
ಹಾಗೇ ಇವನ ಫೋನು, ಎಲ್ಲೋ ದೂರದ ಒಂದು ಯಂತ್ರ
ನನ್ನ ಕಣ್ಣೆದುರೇ ಕೈ ಹಿಡಿದು ಕೀಲಿ ಕುದುರಿಸಿಕೊಂಡು
ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡವು.

ನನಗೆ ಬಿಟ್ಟದ್ದು: ಎಲ್ಲಿಂದ, ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ತೂಕ.
ಅಷ್ಟು ಸಾಕು ಎನ್ನುವವರಿದ್ದಾರೆ.
ಆಯಿ ಆಮೇಲೆ ಎಣ್ಣೆಡಬ್ಬಕ್ಕೆ ಮೀನು ತುಂಬಿ
ಮುಚ್ಚಳದ ಸುತ್ತ ಮೇಣ ಮೆತ್ತಿದಳು. ವಾಸನೆ ಸತ್ತಿತು.
ಕಂಡಕ್ಟರ ನಕ್ಕ:
'ಸಂತೆಯ ದಿನ, ಯಲ್ಲಾಪುರ, ಎಂಟು ಕೆಜಿ,
ಮತ್ತೇನಿರುತ್ತದೆ, ಬಾಯಿ?'

ರಾತ್ರಿ ಒಂದೂ ನಲವತ್ತಕ್ಕೆ ಶುರು.
ಸಣ್ಣ ಪೊಟ್ಟಣ, ಹೋಗುವುದೂ ಬರುವುದೂ ಸಮಸಮ: ಮಾತುಕತೆ.
ಹೆಂಗಸು, ಎಂದಿತು ನನ್ನ ಮೂಗು.
ಎರಡಕ್ಕೆ ಹತ್ತು ನಿಮಿಷವಿರುವಾಗ ಅವು ಇನ್ನೂ ಸಣ್ಣಗಾದವು.
ಈಚೆಯವ ಸುಮ್ಮನೆ. ಆಚೆಯವರೂ ಸುಮ್ಮನೆ.
ಕರೆ ಕಡಿಯಲಿಲ್ಲ.
ಮೂರಾಯಿತು. ನಾಲ್ಕಾಯಿತು. ಬೈತಖೋಲದಲ್ಲಿ
ಬೋಟುಗಳು ಒಂದೊಂದಾಗಿ ಕೆಮ್ಮತೊಡಗಿದವು.
ಐದೂ ಕಾಲಿಗೆ ಆಚೆಯಿಂದ ಒಂದಿಷ್ಟು ದಪ್ಪ ಪೊಟ್ಟಣ,
ಒಂದು ಹೆಸರಿನಷ್ಟು, ಅಥವಾ ಒಂದು ಆಕಳಿಕೆಯಷ್ಟು.
ಆಮೇಲೆ ನಿಂತಿತು.

ಯಾರೂ ಆಡದ ಮಾತನ್ನು ಇಷ್ಟು ಹೊತ್ತು
ಇಬ್ಬರು ಯಾಕೆ ಹಿಡಿದುಕೊಂಡಿದ್ದರು?
ಲೋಕದ ಕೀಲಿಯೆಲ್ಲ ತಂದು ಕೊಟ್ಟರೂ
ಬಿಚ್ಚಿದರೆ ಸಿಗುವುದು ಫ್ಯಾನಿನ ಸದ್ದು.

ಬೆಳಿಗ್ಗೆ ಅವ ಕೆಳಗೆ ಬಂದ, ಕೈಗಾದ ಪಾಸು ಕೊರಳಲ್ಲಿ,
ಅಂಗಿಯ ಗುಂಡಿ ಒಂದು ಮನೆ ತಪ್ಪಿ.
'ಅಣ್ಣ, ಬಿಸಿನೀರು ಬರಲಿಲ್ಲ' ಎಂದ.
ಒಂಬತ್ತಕ್ಕೆ ಸಾಹುಕಾರರು: ಏನು ಸಿಕ್ಕಿತು?
ಬೀಗ, ಎಂದೆ.
ಬೀಗದೊಳಗೆ?
ಎಂಟು ಕೆಜಿ, ಎಂದೆ. ಅವರು ನನ್ನ ಮುಖ ನೋಡಿದರು.

ಬಾಬಾ ಸಮುದ್ರದಿಂದ ಬಾರದ ವರ್ಷ, ಮೊದಲ ಸಂತೆ.
ಡಬ್ಬ ಎತ್ತಿ ಬಸ್ಸಿಗೆ ಕೊಟ್ಟವ ನಾನೇ.
ಹಗುರ ಇತ್ತು,
ಒಳಗೆ ಬಟ್ಟೆಯಂಥದೇನೋ ಸರಿದ ಹಾಗೆ.
ಕಂಡಕ್ಟರ ಮುಟ್ಟಿಯೂ ನೋಡದೆ
ಎಂಟು ಕೆಜಿಯ ಲಗೇಜ್ ಚೀಟಿ ಹರಿದ.
ಆಯಿ ಸೊಂಟದ ಗಂಟು ಬಿಚ್ಚಿ
ಪೂರ್ತಿ ದುಡ್ಡು ಎಣಿಸಿ ಕೊಟ್ಟಳು.